ಬೆಸ ನಿಂತರೆ ಮೋಸ

ಆಟೊಮ್ಯಾಟಿಕ್ ಗಾಡಿ ಇಟ್ಟುಕೊಂಡವರಲ್ಲಿ ಅನೇಕರಿಗೆ ಒಂದು ಉಪಾಯ ಗೊತ್ತಿರುತ್ತದೆ. ಗೇರ್ ಕಡ್ಡಿ ಪಾರ್ಕ್‌ನಲ್ಲಿದೆ, ಬ್ರೇಕ್ ಒತ್ತಿದ್ದೀರಿ, ಕೀಲಿ ತಿರುಗಿಸುತ್ತೀರಿ. ಸ್ಟಾರ್ಟರ್ ಕಿಮಕ್ ಎನ್ನುವುದಿಲ್ಲ. ಬ್ಯಾಟರಿ ಸತ್ತಿದೆಯೇನೋ ಅಂದರೆ ಹೆಡ್‌ಲೈಟು ಝಗ್ಗೆಂದು ಉರಿಯುತ್ತಿದೆ. ಕಡ್ಡಿಯನ್ನು ನ್ಯೂಟ್ರಲ್‌ಗೆ ಎಳೆದು ಮತ್ತೊಮ್ಮೆ ಕೀಲಿ ತಿರುಗಿಸಿದರೆ ಎಂಜಿನ್ನು ತಕರಾರಿಲ್ಲದೆ ಶುರುವಾಗುತ್ತದೆ. ಕೆಲಸ ಆಯಿತಲ್ಲ ಎಂದು ಎಲ್ಲರೂ ಹೊರಟುಬಿಡುತ್ತಾರೆ. ಯಾಕಾಯಿತು ಎಂದು ಕೇಳುವವರು ಕಡಿಮೆ.

ಈ ಒಗಟಿನ ಹಿಂದೆ ಇನ್ನೊಂದು ದೊಡ್ಡ ಪ್ರಶ್ನೆ ಇದೆ. ಗೇರ್ ಕಡ್ಡಿ ಎಲ್ಲಿದೆ ಎಂಬುದು ನಮಗೇನೋ ಕಾಣುತ್ತದೆ. ಗಾಡಿಯ ಕಂಪ್ಯೂಟರಿಗೆ ಅದು ತಿಳಿಯುವುದು ಹೇಗೆ? ತಿಳಿದದ್ದು ನಿಜವೋ ಸುಳ್ಳೋ ಎಂದು ಅದು ತೀರ್ಮಾನಿಸುವುದಾದರೂ ಹೇಗೆ? ಎರಡಕ್ಕೂ ಉತ್ತರ ಗೇರ್‌ಬಾಕ್ಸಿನ ಹೊರಮೈಗೆ ಎರಡು ಬೋಲ್ಟಿನಲ್ಲಿ ಕೂತಿರುವ ಒಂದು ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ.

ಎರಡೂವರೆ ಟನ್ನಿನ ಪಿಕಪ್

ಉದಾಹರಣೆಗೆ ಅಮೆರಿಕದ ಒಂದು ಡೀಸೆಲ್ ಟ್ರಕ್ಕನ್ನೇ ತೆಗೆದುಕೊಳ್ಳೋಣ. 2001ರ ಮಾದರಿಯಿಂದ ಜನರಲ್ ಮೋಟಾರ್ಸ್ ತನ್ನ ಶೆವ್ರೊಲೆ ಸಿಲ್ವರಾಡೊ 2500 ಎಚ್‌ಡಿ, ಜಿಎಂಸಿ ಸಿಯೆರಾ 2500 ಎಚ್‌ಡಿ ಪಿಕಪ್‌ಗಳಿಗೆ 6.6 ಲೀಟರಿನ ಡ್ಯುರಾಮ್ಯಾಕ್ಸ್ ಡೀಸೆಲ್ ಎಂಜಿನ್ ಕೊಡತೊಡಗಿತು. ಜಪಾನಿನ ಇಸುಜು ಜೊತೆ ಸೇರಿ ರೂಪಿಸಿ, ಒಹಾಯೊ ರಾಜ್ಯದ ಮೊರೈನ್‌ನಲ್ಲಿ ತಯಾರಿಸಿದ ಎಂಜಿನ್ ಇದು: ಎಂಟು ಸಿಲಿಂಡರ್, 300 ಅಶ್ವಶಕ್ತಿ, ಸುಮಾರು 705 ನ್ಯೂಟನ್-ಮೀಟರ್ ತಿರುಚುಬಲ. ಇದರ ಬೆನ್ನಿಗಿದ್ದದ್ದು ಇಂಡಿಯಾನಾಪೊಲಿಸ್‌ನ ಆಲಿಸನ್ ಕಂಪನಿಯ ಐದು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಆಲಿಸನ್ 1000. ಸುಮಾರು ಎರಡೂವರೆ ಟನ್ ತೂಗುವ ಈ ಗಾಡಿಗಳು ಕುದುರೆ ಟ್ರೇಲರ್, ದೋಣಿ, ಹುಲ್ಲಿನ ಪಿಂಡಿಗಳನ್ನು ಎಳೆದುಕೊಂಡು ಇಂದಿಗೂ ಓಡಾಡುತ್ತಿವೆ.

ಗೇರ್‌ಬಾಕ್ಸಿನ ಎಡಬದಿಗೆ, ಅಂದರೆ ಅಲ್ಲಿನ ಚಾಲಕರ ಬದಿಗೆ, ನಮ್ಮ ಡಬ್ಬಿ ಇದೆ. ಮೆಕ್ಯಾನಿಕ್‌ಗಳು ಇದನ್ನು ನ್ಯೂಟ್ರಲ್ ಸೇಫ್ಟಿ ಬ್ಯಾಕಪ್ ಸ್ವಿಚ್ ಅನ್ನುತ್ತಾರೆ. ನಾವು ಗೇರ್‌ತಾಣದ ಸ್ವಿಚ್ ಅನ್ನೋಣ. 2006ರಲ್ಲಿ ಆರು ಗೇರಿನ ಆಲಿಸನ್ ಬಂದಾಗ ಕಂಪನಿ ಈ ಸ್ವಿಚ್ಚನ್ನು ಗೇರ್‌ಬಾಕ್ಸಿನ ಒಳಗಿನ ಎಣ್ಣೆಯ ಆಸರೆಗೆ ಸೇರಿಸಿತು. ಅದಕ್ಕೆ ಮುಂಚಿನ ಗಾಡಿಗಳಲ್ಲಿ ಅದು ಹೊರಗೇ ನೇತಾಡುತ್ತ ಮಳೆ, ಕೆಸರು, ಹಿಮ ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳುತ್ತದೆ. ಕೆಡುವುದೂ ಅದಕ್ಕೇ.

ಕೆಲಸ ಬೇರೆ, ವರದಿ ಬೇರೆ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳಬೇಕು. ಈ ಸ್ವಿಚ್ ಗೇರ್ ಹಾಕುವುದಿಲ್ಲ. ಕ್ಯಾಬಿನ್ನಿನ ಕಡ್ಡಿಗೆ ಕಟ್ಟಿದ ಕೇಬಲ್, ಗೇರ್‌ಬಾಕ್ಸಿನ ಪಕ್ಕದಿಂದ ಹೊರಚಾಚಿದ ಒಂದು ಉಕ್ಕಿನ ದಂಡವನ್ನು ತಿರುಗಿಸುತ್ತದೆ. ಆ ದಂಡ ಒಳಗಿರುವ ಕವಾಟವನ್ನು ಸರಿಸುತ್ತದೆ. ಕವಾಟ ಸರಿದಂತೆ ಒತ್ತಡದ ಎಣ್ಣೆ ಮುಂದಿನ ಗೇರುಗಳತ್ತಲೋ ರಿವರ್ಸ್‌ನತ್ತಲೋ ಹರಿಯುತ್ತದೆ. ಇದು ಅಪ್ಪಟ ಯಾಂತ್ರಿಕ ಕೆಲಸ, ಇದಕ್ಕೆ ತಂತಿಯ ಹಂಗಿಲ್ಲ.

ಅದೇ ದಂಡ ಹೊರಗೆ ನಮ್ಮ ಸ್ವಿಚ್ಚಿನ ನಡುವಿನ ತೂತಿನಲ್ಲಿ ಹಾದುಹೋಗುತ್ತದೆ. ದಂಡದ ಎರಡು ಬದಿ ಚಪ್ಪಟೆ, ತೂತಿನ ಆಕಾರವೂ ಹಾಗೆಯೇ. ದಂಡ ತಿರುಗಿದರೆ ಸ್ವಿಚ್ಚಿನ ಒಳಗಿನ ಲೋಹದ ಸವರುಪಟ್ಟಿಗಳೂ ತಿರುಗಿ ಬೇರೆ ಬೇರೆ ತಗಡುಗಳನ್ನು ಮುಟ್ಟುತ್ತವೆ. ಕಂಪ್ಯೂಟರಿಗೆ ಹೋಗುವುದು ಈ ಮುಟ್ಟುವಿಕೆಯ ವರದಿ ಮಾತ್ರ.

ಹಾಗಾಗಿ ಅಪಾಯ ಇರುವುದು ವರದಿ ಸುಳ್ಳಾದಾಗ. ಗೇರ್‌ಬಾಕ್ಸ್ ನಿಜಕ್ಕೂ ರಿವರ್ಸ್‌ನಲ್ಲಿದ್ದು, ಸ್ವಿಚ್ ಪಾರ್ಕ್ ಎಂದು ಹೇಳಿತು ಅನ್ನಿ. ಆ ಸುಳ್ಳಿನಿಂದ ಸ್ಟಾರ್ಟರಿಗೆ ಅನುಮತಿ ಸಿಕ್ಕರೆ ಎರಡೂವರೆ ಟನ್ ಉಕ್ಕು ಹಿಂದೆ ನಿಂತವರ ಮೇಲೆ ಬರುತ್ತದೆ. ಅಮೆರಿಕದ ವಾಹನ ಸುರಕ್ಷತಾ ನಿಯಮ 102, 1968ರಿಂದಲೇ ಎರಡು ಮಾತನ್ನು ಕಡ್ಡಾಯ ಮಾಡಿದೆ. ಮುಂದಿನ ಗೇರಿಗೂ ರಿವರ್ಸ್‌ಗೂ ನಡುವೆ ನ್ಯೂಟ್ರಲ್ ಇರಬೇಕು. ಗಾಡಿ ಚಲಿಸುವ ಯಾವ ಗೇರಿನಲ್ಲಿದ್ದರೂ ಸ್ಟಾರ್ಟರ್ ತಿರುಗಬಾರದು. ಅದಕ್ಕೆ ಮುಂಚಿನ ಕೆಲವು ಕಾರುಗಳಲ್ಲಿ ರಿವರ್ಸ್ ಇದ್ದದ್ದು ಕೊನೆಯಲ್ಲಿ, ಲೋ ಗೇರಿನ ಪಕ್ಕಕ್ಕೇ. ಕೈ ಒಂದಿಷ್ಟು ಜಾರಿದರೆ ಮುಂದೆ ಹೋಗಬೇಕಾದ ಗಾಡಿ ಹಿಂದೆ ನುಗ್ಗುತ್ತಿತ್ತು.

ನಾಲ್ಕು ತಂತಿ, ಏಳು ತಾಣ

ಕಡ್ಡಿಗೆ ಏಳು ತಾಣಗಳಿವೆ: ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್, 3, 2, 1. ಒಂದೊಂದು ತಾಣಕ್ಕೆ ಒಂದೊಂದು ತಂತಿ ಎಳೆದರೆ ಏಳು ತಂತಿ ಬೇಕು. ಎಂಜಿನಿಯರುಗಳು ನಾಲ್ಕರಲ್ಲೇ ಮುಗಿಸಿದ್ದಾರೆ.

ಕಂಪ್ಯೂಟರ್ ಪ್ರತಿ ತಂತಿಗೂ ಅತ್ಯಲ್ಪ ಕರೆಂಟ್ ಹರಿಸಬಲ್ಲ ವೋಲ್ಟೇಜ್ ಕೊಟ್ಟು ಕಾಯುತ್ತದೆ. ಸ್ವಿಚ್ಚಿನ ಒಳಗೆ ಆ ತಂತಿಯನ್ನು ನೆಲಕ್ಕೆ, ಅಂದರೆ ಗಾಡಿಯ ಚಾಸಿಸ್ಸಿಗೆ, ಮುಟ್ಟಿಸಿದರೆ ವೋಲ್ಟೇಜ್ ಕುಸಿಯುತ್ತದೆ. ಮುಟ್ಟಿಸದಿದ್ದರೆ ಹಾಗೇ ನಿಲ್ಲುತ್ತದೆ. ನಿಂತರೆ 1, ಕುಸಿದರೆ 0 ಎಂದು ಬರೆದುಕೊಳ್ಳೋಣ. ಆಗ ಏಳು ತಾಣಗಳ ಗುರುತು ಹೀಗಿರುತ್ತದೆ:

ಪಾರ್ಕ್ 0110
ರಿವರ್ಸ್ 0011
ನ್ಯೂಟ್ರಲ್ 1010
ಡ್ರೈವ್ 1001
ಮೂರು 0000
ಎರಡು 0101
ಒಂದು 1100

ಮೊದಲ ಮೂರು ಅಂಕಿಗಳನ್ನಷ್ಟೇ ನೋಡಿ: 011, 001, 101, 100, 000, 010, 110. ಏಳೂ ಬೇರೆ ಬೇರೆ. ತಾಣ ಗುರುತಿಸಲು ಮೂರು ತಂತಿಯೇ ಸಾಕಿತ್ತು. ಹಾಗಾದರೆ ನಾಲ್ಕನೆಯದು ಯಾಕೆ? ಈಗ ಪ್ರತಿ ಸಾಲಿನಲ್ಲಿ ಎಷ್ಟು 1 ಇವೆ ಎಂದು ಎಣಿಸಿ. ಎರಡು, ಎರಡು, ಎರಡು, ಎರಡು, ಸೊನ್ನೆ, ಎರಡು, ಎರಡು. ಎಲ್ಲಿಯೂ ಬೆಸ ಸಂಖ್ಯೆ ಇಲ್ಲ. ಸಮ ಬರುವಂತೆ ನೋಡಿಕೊಳ್ಳುವುದೇ ನಾಲ್ಕನೇ ತಂತಿಯ ಏಕೈಕ ಕಸುಬು. ಇದನ್ನು ತಾಳೆತಂತಿ ಎಂದು ಕರೆಯೋಣ. ಎಂಜಿನಿಯರುಗಳ ಬಾಯಲ್ಲಿ ಇದು ಪ್ಯಾರಿಟಿ.

ಹೊಸ್ತಿಲಾಚೆಯ ಚಪ್ಪಲಿ

ಮದುವೆ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿದೆ. ಒಳಗೆ ಯಾರ‍್ಯಾರು ಬಂದಿದ್ದಾರೆ, ಯಾವ ಜೋಡಿ ಯಾರದು, ನಿಮಗೆ ಗೊತ್ತಿಲ್ಲ. ಆದರೂ ಎಣಿಸಿದಾಗ ಬೆಸ ಸಂಖ್ಯೆ ಬಂದರೆ ಒಂದು ಮಾತನ್ನು ಖಂಡಿತವಾಗಿ ಹೇಳಬಹುದು: ಯಾವುದೋ ಒಂದು ಚಪ್ಪಲಿಯನ್ನು ನಾಯಿ ಎಳೆದುಕೊಂಡು ಹೋಗಿದೆ. ಯಾರ ಚಪ್ಪಲಿ ಎಂದು ಎಣಿಕೆ ಹೇಳುವುದಿಲ್ಲ. ಎರಡು ಜೋಡಿಯಿಂದ ಒಂದೊಂದು ಹೋಗಿದ್ದರೆ ಲೆಕ್ಕ ಮತ್ತೆ ಸಮವಾಗಿ, ಕಳವು ಗೊತ್ತೇ ಆಗುವುದಿಲ್ಲ. ಆದರೆ ಒಂದೇ ಒಂದು ಹೋಗಿದ್ದರೆ ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಟ್ರಕ್ಕಿನ ಕಂಪ್ಯೂಟರ್ ಮಾಡುವುದೂ ಈ ಎಣಿಕೆಯನ್ನೇ. ಮೊದಲ ತಂತಿ ಎಲ್ಲೋ ತುಂಡಾಯಿತು ಅನ್ನಿ. ಇನ್ನು ಅದು ನೆಲ ಮುಟ್ಟಲಾರದು, ಯಾವಾಗಲೂ 1 ಎಂದೇ ತೋರಿಸುತ್ತದೆ. ಪಾರ್ಕ್‌ನ 0110 ಈಗ 1110 ಆಯಿತು. ಮೂರು ಒಂದುಗಳು, ಬೆಸ. ಕಂಪ್ಯೂಟರಿಗೆ ತಕ್ಷಣ ಅನುಮಾನ. ರಿವರ್ಸ್‌ನ 0011 ಈಗ 1011, ಅದೂ ಬೆಸ. ಆದರೆ ಡ್ರೈವ್‌ನ 1001ರಲ್ಲಿ ಮೊದಲ ಅಂಕಿ ಮೊದಲೇ 1 ಆಗಿರುವುದರಿಂದ ಅಲ್ಲಿ ಏನೂ ಕೆಡುವುದಿಲ್ಲ. ಓಡುವಾಗ ಸರಿಯಾಗಿರುತ್ತೆ, ನಿಲ್ಲಿಸಿದಾಗ ಮಾತ್ರ ಎಚ್ಚರಿಕೆ ದೀಪ ಬರುತ್ತೆ ಎಂಬ ಚಾಲಕರ ದೂರಿನ ಹಿಂದೆ ಇಂಥದ್ದೊಂದು ಲೆಕ್ಕ ಇರಬಹುದು.

ಒಂದು ತಾಣದ ಗುರುತಿನಿಂದ ಇನ್ನೊಂದರ ಗುರುತಿಗೆ ಹೋಗಬೇಕಾದರೆ ಕನಿಷ್ಠ ಎರಡು ಅಂಕಿ ಬದಲಾಗಬೇಕು. ಬೇಕಾದರೆ ಮೇಲಿನ ಪಟ್ಟಿಯಲ್ಲಿ ಯಾವೆರಡು ಸಾಲನ್ನಾದರೂ ಹೋಲಿಸಿ ನೋಡಿ. ಅಂದರೆ ಒಂದೇ ತಂತಿ ಕೆಟ್ಟರೆ ರಿವರ್ಸ್ ಎಂದಿಗೂ ಪಾರ್ಕ್‌ನಂತೆ ಕಾಣಲಾರದು. ಸುಳ್ಳು ವರದಿ ಬರುವ ಬದಲು ಅರ್ಥವಾಗದ ವರದಿ ಬರುತ್ತದೆ. ಸುರಕ್ಷತೆಗೆ ಬೇಕಾದದ್ದು ಇಷ್ಟೇ.

ಇನ್ನೂ ಒಂದು ಜಾಣ್ಮೆ ಇದೆ. ನಾಲ್ಕು ಅಂಕಿಯಲ್ಲಿ ಸಮ ಬರುವ ಗುರುತುಗಳು ಒಟ್ಟು ಎಂಟು. ಏಳನ್ನು ತಾಣಗಳಿಗೆ ಹಂಚಿಯಾಯಿತು. ಉಳಿದದ್ದು 1111. ಅದನ್ನು ಯಾವ ತಾಣಕ್ಕೂ ಕೊಡದೆ ಖಾಲಿ ಬಿಟ್ಟಿದ್ದಾರೆ. ಕನೆಕ್ಟರ್ ಕಳಚಿ ಬಿದ್ದರೆ ನಾಲ್ಕೂ ತಂತಿ ನೆಲದಿಂದ ದೂರವಾಗಿ 1111 ಬರುತ್ತದೆ. ಲೆಕ್ಕಕ್ಕೆ ಸಮವೇ ಆದರೂ ಗೇರಂತೂ ಅಲ್ಲ. ಹಾಗಾಗಿ ಆ ದೋಷವೂ ಸಿಕ್ಕಿಬೀಳುತ್ತದೆ.

ದಾರಿ ನಡುವೆ ಬೆಸ

ಕಡ್ಡಿ ಒಂದು ತಾಣದಿಂದ ಇನ್ನೊಂದಕ್ಕೆ ಹಾರುವುದಿಲ್ಲ, ಜರುಗುತ್ತದೆ. ಆ ಜರುಗುವ ಹೊತ್ತಿನಲ್ಲಿ ಕಂಪ್ಯೂಟರ್ ಏನು ಓದಬೇಕು?

ಎರಡು ತಂತಿಗಳು ಒಟ್ಟಿಗೇ ಬದಲಾಗಬೇಕು ಎಂದು ಎಷ್ಟೇ ನಾಜೂಕಾಗಿ ತಗಡು ಕತ್ತರಿಸಿದರೂ, ಒಂದು ಕೂದಲೆಳೆಯಷ್ಟು ಮೊದಲು, ಇನ್ನೊಂದು ಆಮೇಲೆ ಬದಲಾಗುತ್ತದೆ. ಬೆಲ್ ಲ್ಯಾಬ್ಸ್‌ನ ಫ್ರ್ಯಾಂಕ್ ಗ್ರೇ ಎಂಬ ಭೌತವಿಜ್ಞಾನಿ ಇದೇ ತೊಡಕನ್ನು ಬೇರೊಂದು ಕಡೆ ಎದುರಿಸಿದ್ದರು. ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ನಿರ್ವಾತ ಕೊಳವೆಯಲ್ಲಿ ಎಲೆಕ್ಟ್ರಾನ್ ಕಿರಣ ಎರಡು ಸಂಖ್ಯೆಗಳ ಗಡಿಯಲ್ಲಿ ಬಿದ್ದರೆ ಓದು ತಲೆಕೆಳಗಾಗುತ್ತಿತ್ತು. ಒಂದು ಹೆಜ್ಜೆಗೆ ಒಂದೇ ಅಂಕಿ ಬದಲಾಗುವಂತೆ ಸಂಖ್ಯೆಗಳನ್ನು ಜೋಡಿಸಿಟ್ಟರೆ ಗಡಿಯಲ್ಲಿಯೂ ದೊಡ್ಡ ತಪ್ಪು ಆಗದು ಎಂದು ಅವರು ಕಂಡುಕೊಂಡರು. 1947ರಲ್ಲಿ ಸಲ್ಲಿಸಿದ ಅರ್ಜಿಗೆ 1953ರಲ್ಲಿ ಪೇಟೆಂಟ್ ಸಿಕ್ಕಿತು. ಆ ಜೋಡಣೆಗೆ ಇಂದು ಗ್ರೇ ಕೋಡ್ ಎಂದೇ ಹೆಸರು.

ನಮ್ಮ ಸ್ವಿಚ್ಚಿನ ಒಳಗೂ ಅದೇ ತತ್ವ. ಪಾರ್ಕ್‌ನ 0110ರಿಂದ ಹೊರಟರೆ ಮೊದಲು ಎರಡನೇ ತಂತಿ ಬದಲಾಗಿ 0010 ಆಗುತ್ತದೆ. ಆಮೇಲೆ ತಾಳೆತಂತಿ ಬದಲಾಗಿ 0011, ಅಂದರೆ ರಿವರ್ಸ್. ಮುಂದಕ್ಕೆ 1011, ಆಮೇಲೆ 1010, ಅಂದರೆ ನ್ಯೂಟ್ರಲ್. ಹೀಗೆ 1ನೇ ಗೇರಿನವರೆಗೆ ಒಂದು ಸಲಕ್ಕೆ ಒಂದೇ ಬದಲಾವಣೆ. ತಾಣದಲ್ಲಿ ನಿಂತಾಗ ಸಮ, ದಾರಿಯಲ್ಲಿದ್ದಾಗ ಬೆಸ.

ಇಲ್ಲಿಗೆ ಇಡೀ ಯಂತ್ರದ ಗುಟ್ಟು ಕೈಗೆ ಬಂತು. ಬೆಸ ಬಂದದ್ದೇ ತಪ್ಪಲ್ಲ. ಅರೆಗಳಿಗೆ ಬಂದು ಹೋದರೆ ಕಡ್ಡಿ ಜರುಗುತ್ತಿದೆ ಎಂದರ್ಥ. ಬೆಸ ಬಂದು ಅಲ್ಲಿಯೇ ನಿಂತರೆ ಏನೋ ಕೆಟ್ಟಿದೆ. ಆಗ ಕಂಪ್ಯೂಟರ್ ಪಿ 0705 ಅಥವಾ ಪಿ 0706 ಎಂಬ ದೋಷಸಂಖ್ಯೆಯನ್ನು ದಾಖಲಿಸುತ್ತದೆ. ಡ್ಯಾಶ್‌ಬೋರ್ಡಿನ ಗೇರಿನ ಅಕ್ಷರ ಮಾಯವಾಗಬಹುದು. ಗೇರ್‌ಬಾಕ್ಸ್ ಸಾಮಾನ್ಯವಾಗಿ ಹೊಸ ಗೇರಿಗೆ ಒಪ್ಪದೆ ಕುಂಟುನಡೆಗೆ ಇಳಿಯುತ್ತದೆ. ಗ್ಯಾರೇಜಿನವರು ಲಿಂಪ್ ಮೋಡ್ ಅನ್ನುವುದು ಇದಕ್ಕೇ.

ಉಪ್ಪು ಮಾಡುವ ಕಿತಾಪತಿ

ಮಿಶಿಗನ್, ಒಹಾಯೊ ಕಡೆ ನೆಲೆಸಿರುವ ಕನ್ನಡಿಗರಿಗೆ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುವುದು ಗೊತ್ತೇ ಇದೆ. ಹಿಮ ಕರಗಿದ ಉಪ್ಪುನೀರು ಚಕ್ರದಿಂದ ಚಿಮ್ಮಿ ಗಾಡಿಯ ಹೊಟ್ಟೆಯಡಿ ಸೇರುತ್ತದೆ. ಕನೆಕ್ಟರಿನ ರಬ್ಬರ್ ಸೀಲ್ ಒಂದಿಷ್ಟು ಸಡಿಲವಾಗಿದ್ದರೂ ಸಾಕು, ಒಳಗೆ ಇಳಿಯುತ್ತದೆ. ಅಲ್ಲಿ ವೋಲ್ಟೇಜ್ ಇರುವ ಪಿನ್ನಿಗೂ ನೆಲದ ಪಿನ್ನಿಗೂ ನಡುವೆ ಉಪ್ಪುನೀರು ನಿಂತರೆ ಕರೆಂಟು ಸಣ್ಣಗೆ ಹರಿಯತೊಡಗುತ್ತದೆ, ವೋಲ್ಟೇಜ್ ಇರುವ ಪಿನ್ನಿನ ತಾಮ್ರ ಸವೆದು ಹಸಿರು ಪುಡಿಯಾಗುತ್ತದೆ. ಕನೆಕ್ಟರ್ ಬಿಚ್ಚಿದಾಗ ಹಿತ್ತಾಳೆ ಬಣ್ಣದ ಪಿನ್ನುಗಳ ಬುಡದಲ್ಲಿ ಈ ಹಸಿರು ಕಂಡರೆ ಅರ್ಧ ರೋಗ ಪತ್ತೆಯಾದಂತೆ.

ಇನ್ನರ್ಧ ಡಬ್ಬಿಯ ಒಳಗೆ. ಸ್ಟಾರ್ಟರಿಗೆ ಅನುಮತಿ ಕೊಡುವ ಸಂಪರ್ಕವೂ ರಿವರ್ಸ್ ದೀಪದ ಸಂಪರ್ಕವೂ ಈ ನಾಲ್ಕು ತಂತಿಗಳಿಂದ ಬೇರೆ, ಆದರೆ ಇರುವುದು ಅದೇ ಡಬ್ಬಿಯಲ್ಲಿ. ಗಾಡಿಯನ್ನು ಪ್ರತಿದಿನ ಶುರುಮಾಡುವುದು ಪಾರ್ಕ್‌ನಲ್ಲಿ. ಸವರುಪಟ್ಟಿ ಅಲ್ಲಿ ಮುಟ್ಟುವ ಜಾಗ ಸವೆದೋ ಕಪ್ಪಿಟ್ಟೋ ಹೋಗಿದ್ದರೆ ಸ್ಟಾರ್ಟರಿಗೆ ಅಪ್ಪಣೆ ಹೋಗುವುದಿಲ್ಲ. ನ್ಯೂಟ್ರಲ್‌ನಲ್ಲಿ ಪಟ್ಟಿ ಮುಟ್ಟುವುದು ಬೇರೆ ಜಾಗವನ್ನು. ಅದು ಚೊಕ್ಕಟವಾಗಿರುವುದರಿಂದ ಎಂಜಿನ್ ಶುರುವಾಗುತ್ತದೆ. ನ್ಯೂಟ್ರಲ್ ಉಪಾಯದ ಗುಟ್ಟು ಇಷ್ಟೇ.

ಮೊದಲು ಲೆಕ್ಕ, ಆಮೇಲೆ ಸ್ಪ್ಯಾನರ್

ದೋಷಸಂಖ್ಯೆ ಕಂಡ ಕೂಡಲೇ ಹೊಸ ಸ್ವಿಚ್ ತರಿಸುವುದು ವಾಡಿಕೆ. ಸಂಖ್ಯೆ ಹೇಳುವುದು ವರದಿ ಸರಿಯಿಲ್ಲ ಎಂದಷ್ಟೇ, ಸ್ವಿಚ್ಚೇ ಕೆಟ್ಟಿದೆ ಎಂದಲ್ಲ. ನಾಲ್ಕು ತಂತಿಗಳ ಸ್ಥಿತಿಯನ್ನು ಆಗಿಂದಾಗಲೇ ತೋರಿಸುವ ಸ್ಕ್ಯಾನರ್ ಕೈಯಲ್ಲಿದ್ದರೆ ಬಹಳಷ್ಟು ಗೊಂದಲ ಅಲ್ಲಿಯೇ ತೀರುತ್ತದೆ.

ಎಂಜಿನ್ ಶುರುಮಾಡದೆ ಕೀಲಿಯನ್ನಷ್ಟೇ ತಿರುಗಿಸಿ, ಕಡ್ಡಿಯನ್ನು 3ಕ್ಕೆ ತನ್ನಿ. ಅಲ್ಲಿ ನಾಲ್ಕೂ ತಂತಿ ನೆಲ ಮುಟ್ಟಿ 0000 ಬರಬೇಕು. ಯಾವ ತಂತಿ ತುಂಡಾಗಿದ್ದರೂ ಈ ಒಂದು ತಾಣದಲ್ಲಿ ಬಯಲಾಗುತ್ತದೆ: 1 ತೋರಿಸುತ್ತಿರುವುದೇ ಕೆಟ್ಟ ತಂತಿ. ಮುಂದಿನ ಹೆಜ್ಜೆ, ಸ್ವಿಚ್ಚಿನ ಕನೆಕ್ಟರ್ ಬಿಚ್ಚುವುದು. ಪರದೆಯ ಮೇಲೆ 1111 ಬರಬೇಕು. ಬಿಚ್ಚಿದ ಮೇಲೂ ಒಂದು ತಂತಿ 0 ಎನ್ನುತ್ತಿದ್ದರೆ ಅದು ದಾರಿಯಲ್ಲೆಲ್ಲೋ ಸಿಪ್ಪೆ ಸುಲಿದು ಚಾಸಿಸ್ಸಿಗೆ ತಾಗುತ್ತಿದೆ ಎಂದರ್ಥ. ಆಗ ಹೊಸ ಸ್ವಿಚ್ ತಂದು ಹಾಕಿದರೂ ಪ್ರಯೋಜನವಿಲ್ಲ.

ಏಳು ತಾಣಗಳಲ್ಲೂ ಅಂಕಿ ತಡವಾಗಿ ಅಥವಾ ಬೇಗ ಬದಲಾಗುತ್ತಿದ್ದರೆ ಸ್ವಿಚ್ ಕೆಟ್ಟಿಲ್ಲ, ತುಸು ತಿರುಗಿ ಕೂತಿದೆ. ಡ್ರೈವ್‌ನಲ್ಲಿ ನೆಮ್ಮದಿಯಾಗಿ ನಿಂತ ಕಡ್ಡಿ 1001 ಹೇಳುವ ಬದಲು ದಾರಿನಡುವಿನ 1000 ಹೇಳುತ್ತಿದ್ದರೆ ಎರಡು ಬೋಲ್ಟು ಸಡಿಲಿಸಿ ಸರಿಪಡಿಸಿದರಾಯಿತು. ಕೇಬಲ್ ಸಡಿಲಗೊಂಡು ಕಡ್ಡಿಯೇ ತಪ್ಪು ತಾಣ ತೋರಿಸುತ್ತಿರುವ ಸಾಧ್ಯತೆಯೂ ಇದೆ. ಸ್ವಿಚ್ ಓದುವುದು ದಂಡವನ್ನು, ಕ್ಯಾಬಿನ್ನಿನ ಕಡ್ಡಿಯನ್ನಲ್ಲ.

ಬದಲಿಸುವ ಬಗೆ

ಎಲ್ಲ ನೋಡಿ ಸ್ವಿಚ್ಚೇ ಕೆಟ್ಟಿದೆ ಎಂದು ಖಚಿತವಾದರೆ ಮೊದಲ ಕೆಲಸ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಗಟ್ಟಿ ಅಡ್ಡೆ ಇಡುವುದು. ಇದು ಬಾಯುಪಚಾರದ ಮಾತಲ್ಲ. ಕೆಲಸದ ನಡುವೆ ಗೇರ್‌ಬಾಕ್ಸನ್ನು ನ್ಯೂಟ್ರಲ್‌ಗೆ ತರಲೇಬೇಕು. ಆಗ ಪಾರ್ಕ್‌ನ ಹಿಡಿತ ಬಿಡುತ್ತದೆ, ನೀವು ಮಲಗಿರುವುದು ಅದೇ ಗಾಡಿಯ ಅಡಿಯಲ್ಲಿ. ಪಾರ್ಕಿಂಗ್ ಬ್ರೇಕನ್ನು ಪೂರ್ತಿ ಹಾಕಿ, ಎಂಜಿನ್ನೂ ಸೈಲೆನ್ಸರ್ ಕೊಳವೆಯೂ ತಣಿಯಲಿ. ಈ ಡೀಸೆಲ್ ಪಿಕಪ್‌ಗಳಲ್ಲಿ ಬ್ಯಾಟರಿ ಎರಡು. ಎರಡರ ನೆಗೆಟಿವ್ ತಂತಿಯನ್ನೂ ಬಿಚ್ಚಬೇಕು.

ಕೇಬಲ್ ಕಳಚಿ, ದಂಡದ ತುದಿಯ ನಟ್ ಬಿಚ್ಚಿ, ಕೇಬಲ್ ಸಿಕ್ಕಿಸಿದ್ದ ಸಣ್ಣ ಹಿಡಿಯನ್ನು ತೆಗೆಯಬೇಕು. ಕನೆಕ್ಟರ್ ಬಿಚ್ಚಿ, ಎರಡು ಬೋಲ್ಟು ತೆಗೆದರೆ ಸ್ವಿಚ್ ಕೈಗೆ ಬರಬೇಕು. ಹಳೆಯ ಗಾಡಿಗಳಲ್ಲಿ ಬರುವುದಿಲ್ಲ. ಹೊರಚಾಚಿದ ದಂಡ ತುಕ್ಕು ಹಿಡಿದು ಉಬ್ಬಿರುತ್ತದೆ, ಸ್ವಿಚ್ ಅದರ ಮೇಲೆ ಕಚ್ಚಿಕೊಂಡಿರುತ್ತದೆ. ಇಲ್ಲಿ ಸುತ್ತಿಗೆ ಎತ್ತಬೇಡಿ. ದಂಡದ ಒಳತುದಿಯಲ್ಲಿ ಕವಾಟವನ್ನು ಸರಿಸುವ ತುಣುಕುಗಳಿವೆ. ಅವು ಬಾಗಿದರೆ ಸಣ್ಣ ಡಬ್ಬಿಯ ಕೆಲಸ ಹೋಗಿ ಗೇರ್‌ಬಾಕ್ಸನ್ನೇ ಬಿಚ್ಚುವ ಕೆಲಸವಾಗುತ್ತದೆ. ಚಪ್ಪಟೆ ಬದಿಗಳ ಮೇಲೆ ಎಮರಿ ಕಾಗದ ಹಿಡಿದು ಉಕ್ಕು ಹೊಳೆಯುವವರೆಗೆ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಸಾಕಷ್ಟು ಹೊತ್ತು ಕಾಯಿರಿ. ಆಮೇಲೆ ಎರಡೂ ಬದಿ ಸಮನಾಗಿ ಮೀಟುತ್ತ ಹೊರಗೆಳೆಯಿರಿ. ಹಳೇ ಸ್ವಿಚ್ ಮುರಿದರೆ ಮುರಿಯಲಿ, ದಂಡ ಬಾಗಬಾರದು.

ಈಗ ದಂಡವನ್ನು ಪಾರ್ಕ್‌ನ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಎರಡು ಟಿಕ್ ವಾಪಸು ತನ್ನಿ. ಮೊದಲ ಟಿಕ್ ರಿವರ್ಸ್, ಎರಡನೆಯದು ನ್ಯೂಟ್ರಲ್. ಹೊಸ ಸ್ವಿಚ್ ಸಾಮಾನ್ಯವಾಗಿ ನ್ಯೂಟ್ರಲ್ ತಾಣದಲ್ಲೇ ಹೊಂದಿಸಿ ಬಂದಿರುತ್ತದೆ. ಅದು ಅಲುಗದಂತೆ ಪ್ಲಾಸ್ಟಿಕ್ ಹಿಡಿಕೆ ಇದ್ದರೆ ಬೋಲ್ಟು ಬಿಗಿಯುವವರೆಗೆ ಅದನ್ನು ಮುಟ್ಟಬೇಡಿ. ಸ್ವಿಚ್ ತಾನಾಗಿ ಜಾರಿ ಕೂರಬೇಕು. ಒತ್ತಿ ಕೂರಿಸಬೇಕಾಗಿ ಬಂದರೆ ದಂಡವನ್ನು ಇನ್ನಷ್ಟು ಉಜ್ಜಬೇಕು ಎಂದರ್ಥ. ಕನೆಕ್ಟರಿನ ಹೆಣ್ಣು ಬದಿ ಹಸಿರಾಗಿದ್ದರೆ ಅದನ್ನೂ ಬದಲಿಸಿ. ಕೊಳೆತ ಪಿನ್ನಿಗೆ ಹೊಸ ಸ್ವಿಚ್ ಸಿಕ್ಕಿಸಿದರೆ ದೋಷ ಮರಳಿ ಬರುತ್ತದೆ. ಸೀಲಿನ ಬಾಯಿಗೆ ವಿದ್ಯುತ್ ಹರಿಯಗೊಡದ ಸಿಲಿಕೋನ್ ಗ್ರೀಸ್ ಸವರಿ.

ಬಿಚ್ಚಿದ್ದನ್ನೆಲ್ಲ ಮರಳಿ ಜೋಡಿಸಿದ ಮೇಲೆ, ಕೊನೆಗೆ ಪರೀಕ್ಷೆ. ಅಡ್ಡೆ ತೆಗೆಯುವ ಮುನ್ನವೇ, ಬ್ರೇಕ್ ತುಳಿದುಕೊಂಡು ಏಳು ತಾಣಗಳಲ್ಲೂ ಕೀಲಿ ತಿರುಗಿಸಿ ನೋಡಿ. ಪಾರ್ಕ್ ಮತ್ತು ನ್ಯೂಟ್ರಲ್‌ನಲ್ಲಿ ಸ್ಟಾರ್ಟರ್ ತಿರುಗಬೇಕು. ಉಳಿದ ಐದರಲ್ಲಿ ತಿರುಗಲೇಬಾರದು. ರಿವರ್ಸ್‌ನಲ್ಲಿ ಮಾತ್ರ ಹಿಂದಿನ ಬಿಳಿ ದೀಪ ಹತ್ತಬೇಕು. ಪರದೆಯ ನಾಲ್ಕು ಅಂಕಿಗಳನ್ನು ಮೇಲಿನ ಪಟ್ಟಿಗೆ ಹಿಡಿದು ತಾಳೆ ನೋಡಿ.

ಸ್ಕ್ಯಾನರಿನಲ್ಲಿ ದೋಷಸಂಖ್ಯೆಯನ್ನು ಅಳಿಸುವ ಗುಂಡಿ ಒತ್ತಲು ಕ್ಷಣ ಸಾಕು; ಅದರಿಂದ ಅಳಿಯುವುದು ದಾಖಲೆ, ದೋಷವಲ್ಲ. ನಿಮ್ಮ ಗಾಡಿ ಯಾವುದೇ ಕಂಪನಿಯದಿರಲಿ, ಪಾರ್ಕ್‌ನಲ್ಲಿ ಶುರುವಾಗದೆ ನ್ಯೂಟ್ರಲ್‌ನಲ್ಲಿ ಶುರುವಾಗುತ್ತಿದ್ದರೆ ಅದನ್ನು ಉಪಾಯವೆಂದು ರೂಢಿ ಮಾಡಿಕೊಳ್ಳಬೇಡಿ. ಆ ವಾರವೇ ಸ್ವಿಚ್ಚನ್ನೂ ಕೇಬಲ್ಲನ್ನೂ ತೋರಿಸಿಕೊಳ್ಳಿ.